ವಾಲಿಯ ಸ್ವರ ವಾಪಸ್ ಬಂತು: ನಾಲ್ಕು ಹಳೆ ಕ್ಯಾಸೆಟ್ ಉಳಿಸಿದ ನನ್ನ ಅನುಭವ

ಕಳೆದ ಫೆಬ್ರವರಿಯಲ್ಲಿ ಕೆಲಸ ಮುಗಿಯಿತು. 1989ರ ಒಂದು ಯಕ್ಷಗಾನ ಬಯಲಾಟ, ನಾಲ್ಕು ಕ್ಯಾಸೆಟ್, ಎಂಟು ಬದಿ. ಅದರಲ್ಲಿ ಸುಮಾರು ನಾಲ್ಕು ನಿಮಿಷ ಹೋಯಿತು, ಉಳಿದದ್ದೆಲ್ಲ ಈಗ ಕೂತು ಕೇಳುವ ಹಾಗೆ ಉಂಟು. "ಆಗುವ ಕೆಲಸ ಅಲ್ಲ ಮಾರಾಯ, ಗುಜರಿಗೆ ಹಾಕು" ಅಂದವರು ಕಡಿಮೆ ಎಂದರೂ ಐದು ಜನ. ಅದರಲ್ಲಿ ಇಬ್ಬರು ಮೈಕ್ ಸೆಟ್ಟಿನವರು, ಒಬ್ಬ ನನ್ನ ಭಾವ. ಭಾವ ಈಗ ಅದೇ ಫೈಲನ್ನು ಕಾರಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುವ ಮನಸ್ಸಾಯಿತು. ನಮ್ಮ ಕಡೆ ಇಂಥ ಕ್ಯಾಸೆಟ್ ಇಲ್ಲದ ಹಳೆ ಮನೆ ಕಡಿಮೆ. ಡೆಕ್ಕು (ಕ್ಯಾಸೆಟ್ ಓಡಿಸುವ ಮೆಶಿನ್), ಹೆಡ್ಡು (ಟೇಪಿನಿಂದ ಸ್ವರ ಎತ್ತುವ ಭಾಗ), ಅಡಾಸಿಟಿ (ಆಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್) ಇವೆಲ್ಲ ಗೊತ್ತಿದ್ದವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಅ ಆ ಇ ಈಯಿಂದ ಶುರು ಮಾಡುವುದಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲು ಹತ್ತಿರ. ಊರಿನ ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಆ ವರ್ಷ ಹೊರಗಿನ ಮೇಳ ಕರೆಯಲಿಲ್ಲ, ಊರಿನ ಹವ್ಯಾಸಿಗಳೇ ಸೇರಿ ಆಟ ಆಡಿದರು. ಪಂಚವಟಿ, ಆಮೇಲೆ ವಾಲಿ ಮೋಕ್ಷ. ಎರಡೂ ನಮ್ಮ ಕುಂಬಳೆಯ ಹಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು. ಕುಂಬಳೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮಾವ ಅಂದರೆ ಅಮ್ಮನ ಅಣ್ಣ, ಆಗಷ್ಟೇ ದುಬಾಯಿಯಿಂದ ಬಂದಿದ್ದರು, ಜೊತೆಗೆ ಒಂದು ಟು-ಇನ್-ವನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಮೆಶಿನ್) ತಂದಿದ್ದರು. ಅದನ್ನು ರಂಗಸ್ಥಳದ ಹಿಂದೆ, ಪದ್ಯ ಹಾಡುವ ಭಾಗವತರ ಪಕ್ಕದಲ್ಲಿ ಇಟ್ಟು ರಾತ್ರಿಯಿಡೀ ಕ್ಯಾಸೆಟ್ ಬದಲಾಯಿಸುತ್ತಾ ಕೂತರಂತೆ. ಅಂತೆ ಯಾಕೆಂದರೆ ನನಗೆ ಆಗ ಒಂಬತ್ತು ವರ್ಷ. ಶೂರ್ಪನಖಿ ಸಭೆಯ ಹಿಂದಿನಿಂದ ದೊಂದಿ ಹಿಡಿಸಿಕೊಂಡು ಬರುವವರೆಗೆ ಎದ್ದಿದ್ದೆ, ಆಮೇಲೆ ಚಾಪೆಯಲ್ಲೇ ನಿದ್ದೆ. ಹಾಗಾಗಿ ವಾಲಿ ಮೋಕ್ಷ ಎಂದರೆ ನನಗೆ ಕಣ್ಣಿಂದ ನೋಡಿದ್ದಲ್ಲ, ಆ ಕ್ಯಾಸೆಟ್ಟೇ. ಐದಾರು ವರ್ಷ ಪ್ರತಿ ಆದಿತ್ಯವಾರ ಹಾಕಿ ಕೇಳಿದ್ದೇನೆ. ಅಡಿಕೆ ಸುಲಿಯುವಾಗ ದೊಡ್ಡವರೂ ಹಾಕುತ್ತಿದ್ದರು. ಯಾವ ಪದ್ಯ ಆದ ಮೇಲೆ ಯಾರು ಕೆಮ್ಮುತ್ತಾರೆ ಅನ್ನುವುದೂ ಬಾಯಿಪಾಠ.

ಅದರಲ್ಲಿ ನನಗೆ ತುಂಬಾ ಇಷ್ಟ ಇದ್ದದ್ದು ಕೊನೆಯ ಕ್ಯಾಸೆಟ್. ಭಾಗವತರು ಏರುತ್ತಾ ಏರುತ್ತಾ ಹೋಗುತ್ತಾರೆ, ಚೆಂಡೆ ಹುಚ್ಚು ಹಿಡಿದ ಹಾಗೆ ಓಡುತ್ತದೆ, ವಾಲಿ ಸಣ್ಣ ಚೂಪು ಸ್ವರದಲ್ಲಿ ರಾಮನನ್ನು ಕೇಳುತ್ತಾನೆ. ನನ್ನ ತಲೆಯಲ್ಲಿ ವಾಲಿ ಎಂದರೆ ಸಪೂರದವನು, ಚುರುಕಿನವನು. ಆಮೇಲೆ ದೊಡ್ಡ ಮೇಳಗಳಲ್ಲಿ ಎಷ್ಟೋ ವಾಲಿಗಳನ್ನು ನೋಡಿದೆ, ಯಾವುದೂ ನನ್ನ ವಾಲಿ ಅನಿಸಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಆ ಭಾಗವತರು ಸಿಕ್ಕಿದರು. ಆಗಲೇ ಎಪ್ಪತ್ತು ದಾಟಿತ್ತು ಅವರಿಗೆ. ನಾನು ಖುಷಿಯಲ್ಲಿ ಕ್ಯಾಸೆಟ್ ಸುದ್ದಿ ತೆಗೆದೆ. ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ಹೇಳಿದರು, "ಅದು ನನ್ನ ಸ್ವರ ಅಲ್ಲ ಮಾಣಿ. ನಿನ್ನ ಮಾವ ಒಮ್ಮೆ ಕೇಳಿಸಿದ್ದ. ನಾನು ಹಾಗೆ ಕಿರುಚುವವನಲ್ಲ." ನಾನು ಅದನ್ನು ದೊಡ್ಡವರ ಸಂಕೋಚ ಅಂತ ತಿಳಿದುಕೊಂಡೆ. ತಪ್ಪು ನನ್ನದೇ. ಅವರು ಅಕ್ಷರಶಃ ಸರಿಯಾದ ಮಾತು ಹೇಳಿದ್ದರು, ಅದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಕ್ಯಾಸೆಟ್ಟುಗಳು ಸಿಕ್ಕಿದ್ದು ಎರಡು ಜಾಗದಲ್ಲಿ. ಒಂದನೆಯದು, ನಾಲ್ಕನೆಯದು ಹಳೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಒಂದು ಬಿಸ್ಕೆಟ್ ಡಬ್ಬಿಯಲ್ಲಿ. ಎರಡು ಮತ್ತು ಮೂರು ಚಾವಡಿಯ ಗೋಡೆ ಕಪಾಟಿನಲ್ಲಿ. ಅಟ್ಟದ್ದಕ್ಕೆ ಮಸಿ ಹಿಡಿದಿತ್ತು, ಬೂಸ್ಟು ಒಂದು ಚುಕ್ಕಿ ಇಲ್ಲ. ಕಪಾಟಿನದ್ದಕ್ಕೆ ಸುರುಳಿಯ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಬೂಸ್ಟು. ನಮ್ಮ ಮಳೆಗೆ ಗೋಡೆ ಕಪಾಟಿನಲ್ಲಿ ಏನಿಟ್ಟರೂ ಇದೇ ಗತಿ, ಗೊತ್ತಿರುವುದೇ.

ಮೊದಲ ತಪ್ಪು ಇಲ್ಲೇ. ಬೂಸ್ಟು ಹಿಡಿದದ್ದನ್ನು "ಒಮ್ಮೆ ಕೇಳಿ ನೋಡುವ" ಅಂತ ಹಾಗೇ ಹಾಕಿಬಿಟ್ಟೆ. ಹಾಕಿದ್ದೂ ಎಂಥದರಲ್ಲಿ, ಆನ್‌ಲೈನ್‌ನಲ್ಲಿ ಸಾವಿರದ ಆರುನೂರು ಕೊಟ್ಟು ತರಿಸಿದ, ಯುಎಸ್‌ಬಿ ವಯರಿನ ಪ್ಲಾಸ್ಟಿಕ್ ಪ್ಲೇಯರ್‌ನಲ್ಲಿ. ಎರಡು ನಿಮಿಷದಲ್ಲಿ ಹೆಡ್ಡು ಕಟ್ಟಿಕೊಂಡಿತು, ಸ್ವರ ಕಂಬಳಿ ಹೊದ್ದ ಹಾಗಾಯಿತು. ಅದೇ ಹೆಡ್ಡಿನಲ್ಲಿ ಅಟ್ಟದ ಕ್ಯಾಸೆಟ್ ಹಾಕಿದೆ, ಅದಕ್ಕೂ ಬೂಸ್ಟಿನ ಧೂಳು ಹತ್ತಿತು. ಆ ಪ್ಲೇಯರ್‌ನ ವೇಗವೂ ನಿಲ್ಲುವುದಿಲ್ಲ, ಶ್ರುತಿ ಉಯ್ಯಾಲೆ ಆಡಿದ ಹಾಗೆ. ಆ ಸಾವಿರದ ಆರುನೂರು ನೀರಿಗೆ ಹೋಯಿತು ಅಂತ ಬರೆದಿಟ್ಟೆ.

ಎರಡನೇ ತಪ್ಪು, ಪೇಟೆಯ ಒಂದು ಅಂಗಡಿಗೆ ಕೊಟ್ಟದ್ದು. ಕ್ಯಾಸೆಟ್‌ಗೆ ಐನೂರು. ಎರಡು ಮತ್ತು ಮೂರು ಕೊಟ್ಟೆ. ಮೂರು ವಾರ ಬಿಟ್ಟು ಪೆನ್ ಡ್ರೈವ್ ಕೊಟ್ಟರು. ಗುಂಯ್ ಅನ್ನುವ ಸದ್ದು ತೆಗೆಯುತ್ತೇವೆ ಅಂತ ಕಂಪ್ಯೂಟರಿನಲ್ಲಿ ನಾಯ್ಸ್ ತೆಗೆಯುವುದನ್ನು ಪೂರ್ತಿ ಎಳೆದುಬಿಟ್ಟಿದ್ದರು. ಜಾಗಟೆಯ ನಾದ ಇಲ್ಲ, ಬರೀ ಟಕ್ ಟಕ್. ಭಾಗವತರು ಬಾವಿಯೊಳಗೆ ಕೂತು ಹಾಡಿದ ಹಾಗೆ. ಅದಕ್ಕಿಂತ ದೊಡ್ಡ ನಷ್ಟ, ಮೂರನೇ ಕ್ಯಾಸೆಟ್‌ನ ಟೇಪು ಅವರ ಮೆಶಿನಿನಲ್ಲಿ ಸಿಕ್ಕಿ ಹಾಕಿಕೊಂಡು ಎಳೆದು ಹರಿದಿತ್ತು. ಹರಿದದ್ದನ್ನು ಸಾಮಾನ್ಯ ಸೆಲ್ಲೋ ಟೇಪಿನಲ್ಲಿ ಅಂಟಿಸಿದ್ದರು. ಸೆಲ್ಲೋ ಟೇಪಿನ ಗೋಂದು ಸೆಕೆಗೆ ಕರಗಿ ಪಕ್ಕದ ಸುತ್ತಿಗೂ ಹಿಡಿಯಿತು. ನಾನು ಮೇಲೆ ಹೇಳಿದ ನಾಲ್ಕು ನಿಮಿಷ ಹೋದದ್ದು ಅಲ್ಲಿ. ಆ ದಿವಸ ರಾತ್ರಿ ಊಟ ಸೇರಲಿಲ್ಲ ನನಗೆ. ಲಕ್ಷ್ಮಣ ಮತ್ತು ಶೂರ್ಪನಖಿಯ ಮಾತುಕತೆಯ ಒಂದು ತುಂಡು ಅದು, ಊರಿನವರು ಈಗಲೂ ನೆನಪು ಮಾಡಿ ನಗುತ್ತಾರೆ.

ಆಮೇಲೆ ಯಾರಿಗೂ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಮಂಗಳೂರಿನಲ್ಲಿ ಒಬ್ಬರು ಮನೆ ಖಾಲಿ ಮಾಡುತ್ತಿದ್ದರು, ಅವರ ಹತ್ತಿರ ಒಳ್ಳೆಯ ಡೆಕ್ ಇತ್ತು. ಆರು ಸಾವಿರ ಹೇಳಿದರು, ನಾಲ್ಕೂವರೆಗೆ ಬಂತು. ಬೆಲ್ಟ್ ಲೂಸ್, ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ) ಕಲ್ಲಿನ ಹಾಗೆ. ಬೆಲ್ಟಿಗೆ ನೂರೈವತ್ತು, ರೋಲರಿಗೆ ನಾನೂರು ಇರಬೇಕು. ರೋಲರನ್ನು ಮರಳು ಕಾಗದದಲ್ಲಿ ಉಜ್ಜಿ ಸರಿ ಮಾಡುತ್ತೇನೆ ಅಂತ ಹೋಗಬೇಡಿ, ನಾನು ಹೋಗಿ ಒಂದು ವಾರ ಹಾಳು ಮಾಡಿದೆ. ಸೌಂಡ್ ಕಾರ್ಡ್ ಸುಮಾರು ಸಾವಿರದ ಎಂಟುನೂರು. ಹೆಡ್ಡು ಒರೆಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ ಲೀಟರ್ ಮುನ್ನೂರು. ಅಂಗಡಿಯ ಸಾವಿರ, ಹಳೆ ಪ್ಲೇಯರು, ಮಂಗಳೂರಿಗೆ ಓಡಾಡಿದ್ದು ಎಲ್ಲ ಸೇರಿ ಹನ್ನೆರಡು ಸಾವಿರದ ಒಳಗೇ ಮುಗಿದಿದೆ. ಮನೆಯಲ್ಲಿ ಹೇಳಿದ ಲೆಕ್ಕ ಎಂಟು ಸಾವಿರ.

ಬೂಸ್ಟಿನ ವಿಷಯ. ಮಳೆಗಾಲದಲ್ಲಿ ಮುಟ್ಟಲೇ ಬೇಡಿ. ನಾನು ಜನವರಿಯವರೆಗೆ ಕಾದೆ. ಗಾಳಿಯಲ್ಲಿ ಪಸೆ ಇಲ್ಲದ ದಿನ, ಅಂಗಳದಲ್ಲಿ, ಬಾಯಿ ಮೂಗಿಗೆ ಮಾಸ್ಕ್. ಮೊದಲು ಎರಡು ವಾರ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಇಟ್ಟು ಬೂಸ್ಟನ್ನು ಪೂರ್ತಿ ಒಣಗಿಸಿದೆ. ಒಣಗಿದರೆ ಅದು ಪುಡಿಯಾಗಿ ಉದುರುತ್ತದೆ, ಹಸಿ ಇದ್ದರೆ ಬಳಿದುಕೊಳ್ಳುತ್ತದೆ. ಆಮೇಲೆ ಹಳೆ ಕವಚ ಬಿಚ್ಚಿ ಸುರುಳಿ ಹೊರಗೆ ತೆಗೆದು, ಐದು ಸ್ಕ್ರೂ ಇರುವ ಬೇರೆ ಕವಚಕ್ಕೆ ಹಾಕಿದೆ. ನಮ್ಮದರಲ್ಲಿ ಎರಡು ಕ್ಯಾಸೆಟ್ ಸ್ಕ್ರೂವೇ ಇಲ್ಲದೆ ಅಂಟಿಸಿದ ಜಾತಿ. ಅದನ್ನು ಚೂರಿಯಲ್ಲಿ ಮೂಲೆಯಿಂದ ಮೆಲ್ಲ ಒಡೆಯಬೇಕು, ಕೈ ನಡುಗುವವರು ಬೇರೆಯವರಿಂದ ಮಾಡಿಸಿ. ಹಾಡಿನ ಹಳೆ ಕ್ಯಾಸೆಟ್ ಹತ್ತು ರೂಪಾಯಿಗೆ ಒಂದರಂತೆ ಗುಜರಿಯಲ್ಲಿ ಸಿಕ್ಕಿತು, ಹತ್ತೋ ಹನ್ನೆರಡೋ ತಂದೆ, ಬರೀ ಕವಚಕ್ಕೆ ಮತ್ತು ಒಳಗಿನ ಸಣ್ಣ ಪ್ಯಾಡಿಗೆ. ಟೇಪಿನ ಸುರುಳಿಯನ್ನು ಕೈಯಲ್ಲಿ ನಿಧಾನ ಸುತ್ತುತ್ತಾ ಮೆತ್ತನೆಯ ಒಣ ಬಟ್ಟೆಯ ನಡುವಿನಿಂದ ಹಾಯಿಸುವುದು. ಒಂದು ಸಿ-90, ಅಂದರೆ ಎರಡೂ ಬದಿ ಸೇರಿ 90 ನಿಮಿಷದ ಕ್ಯಾಸೆಟ್, ಎಂದರೆ ಒಳಗೆ ಸುಮಾರು 135 ಮೀಟರ್ ಟೇಪು. ಒಂದು ಕ್ಯಾಸೆಟ್‌ಗೆ ಒಂದೂವರೆ ಗಂಟೆ ಹಿಡಿಯಿತು, ಮೂರು ಸಲ ಮಾಡಿದೆ. ಬಟ್ಟೆ ಯಾವುದು ಅಂತ ಹಲವರು ಕೇಳುತ್ತಾರೆ. ಕನ್ನಡಕ ಒರೆಸುವುದು ಅಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಹೊಗೆ ಅಟ್ಟದ ಕ್ಯಾಸೆಟ್‌ಗೆ ಬೂಸ್ಟು ಯಾಕೆ ಬರಲಿಲ್ಲ ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಮಳೆಗಾಲ ಪರೀಕ್ಷೆಯನ್ನೇ ಮಾಡಿದೆ. ಗುಜರಿಯ ಆರು ಕ್ಯಾಸೆಟ್ ತೆಗೆದುಕೊಂಡು ಎರಡು ಅಟ್ಟದಲ್ಲಿ, ಎರಡು ಗೋಡೆ ಕಪಾಟಿನಲ್ಲಿ, ಎರಡು ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಯಲ್ಲಿ. ಆಟಿ ತಿಂಗಳು ಕಳೆದು ಸೋಣದಲ್ಲಿ, ಅಂದರೆ ಆಗಸ್ಟ್ ಕೊನೆಯ ಹೊತ್ತಿಗೆ ನೋಡಿದರೆ ಕಪಾಟಿನ ಎರಡಕ್ಕೂ ಬೂಸ್ಟು, ಡಬ್ಬಿಯದ್ದು ಹೊಸದರ ಹಾಗೆ, ಅಟ್ಟದ್ದು ಬೂಸ್ಟಿಲ್ಲ ಆದರೆ ಪ್ಯಾಡ್ ಕಪ್ಪಾಗಿ ಅಂಟಂಟು. ನಮ್ಮ ಹಳಬರು ಅಡಿಕೆ, ಹುಣಸೆ, ಬೀಜ ಎಲ್ಲ ಅಲ್ಲಿ ಇಡುತ್ತಿದ್ದದ್ದು ಸುಮ್ನೆ ಅಲ್ಲ. ಕ್ಯಾಸೆಟ್‌ಗೆ ಮಾತ್ರ ಡಬ್ಬಿಯೇ ಸರಿ.

ಡೆಕ್ ತಯಾರಾದ ಮೇಲೆ ಮೊದಲು ಮಾಡಬೇಕಾದ್ದು ಡೆಕ್ಕಿನ ಸ್ವಂತ ವೇಗ ಸರಿ ಉಂಟಾ ನೋಡುವುದು. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಟೆಸ್ಟ್ ಟೇಪಿಗೆ ನಾನು ದುಡ್ಡು ಹಾಕಲಿಲ್ಲ. ಮನೆಯಲ್ಲಿ ಭಕ್ತಿಗೀತೆಯ ಒಂದು ಕ್ಯಾಸೆಟ್ ಇತ್ತು, ಅದೇ ಹಾಡುಗಳ ಸಿಡಿಯೂ ಇತ್ತು. ಒಂದು ಬದಿಯ ಶುರುವಿನ ಒಂದು ತಾಳದ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ಎಷ್ಟು ಸೆಕೆಂಡು ಅಂತ ಎರಡರಲ್ಲೂ ಅಳೆದೆ. ಡೆಕ್ಕು ಶೇಕಡಾ ಒಂದೂವರೆ ಜೋರು ಓಡುತ್ತಿತ್ತು. ಮೋಟರಿನ ಹಿಂದೆ ಸಣ್ಣ ತೂತು ಇರುತ್ತದಲ್ವಾ, ಅದರೊಳಗಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ಸರಿ ಮಾಡಿದೆ.

ಹೆಡ್ ಅಲೈನ್‌ಮೆಂಟ್ ಪ್ರತಿ ಬದಿಗೂ ಬೇರೆ. ಕ್ಯಾಸೆಟ್ ರೆಕಾರ್ಡ್ ಆದ ಮೆಶಿನ್‌ನ ಹೆಡ್ಡು ಹೇಗೆ ಓರೆ ಇತ್ತೋ ನಮ್ಮದನ್ನೂ ಹಾಗೇ ಓರೆ ಮಾಡಬೇಕು. ಎರಡು ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂ ತಿರುಗಿಸಿ, ಎಲ್ಲಿ ಜಾಗಟೆಯ ನಾದ ಫಳ್ ಅಂತ ಬಿಚ್ಚಿಕೊಳ್ಳುತ್ತದೋ ಅಲ್ಲಿ ನಿಲ್ಲಿಸಿ. ಕಂಪ್ಯೂಟರಿನಲ್ಲಿ ಆಮೇಲೆ ಎಷ್ಟು ಟ್ರೆಬಲ್ ಎತ್ತಿದರೂ ಇದು ಸಿಗುವುದಿಲ್ಲ. ಇನ್ನೊಂದು ಲಾಭ, ಮಾವನ ಮೆಶಿನ್ ಮೋನೋ, ನಮ್ಮ ಡೆಕ್ ಸ್ಟೀರಿಯೋ. ಹಾಗಾಗಿ ಒಂದೇ ಸ್ವರ ಎರಡು ಚಾನೆಲ್‌ನಲ್ಲಿ ಬರುತ್ತದೆ. ಟೇಪಿನ ಅಂಚು ಸುಕ್ಕಾದ ಜಾಗದಲ್ಲಿ ಅಂಚಿನ ಕಡೆಯ ಚಾನೆಲ್ ಹಾಳಾಗಿರುತ್ತದೆ, ಒಳಗಿನ ಕಡೆಯದ್ದು ಚೆನ್ನಾಗಿರುತ್ತದೆ. ಮೂರನೇ ಕ್ಯಾಸೆಟ್‌ನ ಅರ್ಧ ಉಳಿದದ್ದು ಇದರಿಂದ.

ನಾಯ್ಸ್ ತೆಗೆಯುವ ಕೆಲಸ ನಾನು ಮಾಡಲೇ ಇಲ್ಲ. ಸೊನ್ನೆ. ಟೇಪಿನ ಸುಯ್ ಅನ್ನುವ ಸದ್ದು ಹತ್ತು ನಿಮಿಷ ಕೇಳಿದರೆ ಕಿವಿ ತಾನೇ ಬಿಟ್ಟುಬಿಡುತ್ತದೆ, ಮಳೆ ಸದ್ದಿನ ಹಾಗೆ. ಜಾಗಟೆ ಹೋದರೆ ಮಾತ್ರ ಕಿವಿ ಹುಡುಕುತ್ತಲೇ ಇರುತ್ತದೆ.

ಇನ್ನು ಮುಖ್ಯ ವಿಷಯ. ಹೀಗೆ ತೆಗೆದ ಎಂಟು ಬದಿಯನ್ನು ಹೆಡ್‌ಫೋನ್ ಹಾಕಿ ಮೊದಲಿನಿಂದ ಕೇಳಿದೆ, ಮೂವತ್ತು ವರ್ಷದ ಮೇಲೆ ಮೊದಲ ಸಲ. ಒಂದನೇ ಕ್ಯಾಸೆಟ್‌ನಲ್ಲಿ ಭಾಗವತರದು ದೊಡ್ಡ ನಿಧಾನದ ಸ್ವರ. ನಾಲ್ಕನೆಯದರಲ್ಲಿ ಬೇರೆ ಮನುಷ್ಯನೇ. ಸಣ್ಣವನಿದ್ದಾಗ ನಾನು ಇದನ್ನು ವೀರರಸ ಅಂತ ತಿಳಿದುಕೊಂಡಿದ್ದೆ, ಯುದ್ಧ ಬಂತು, ಭಾಗವತರಿಗೆ ಆವೇಶ ಬಂತು ಅಂತ. ಈಗ ಕೇಳಿದರೆ ಆವೇಶ ಅಲ್ಲ, ಶ್ರುತಿಯೇ ಮೇಲೆ ಹೋಗಿದೆ. ಹಾರ್ಮೋನಿಯಂ ಪೆಟ್ಟಿಗೆಗೆ ಆವೇಶ ಬರುವುದಿಲ್ಲವಲ್ಲ. ಮದುವೆ ಮನೆಯ ಮಾತು ಆಗ ನೆನಪಾಯಿತು.

ಕಾರಣ ಬ್ಯಾಟರಿ. ಮೈಕ್ ಸೆಟ್ಟಿನವರು ಪ್ಲಗ್ ಕೊಡಲಿಲ್ಲ ಅಂತ ಮಾವ ಆರು ದೊಡ್ಡ ಸೆಲ್ ಹಾಕಿ ರೆಕಾರ್ಡ್ ಮಾಡಿದ್ದರು. ಸೆಲ್ ಇಳಿಯುತ್ತಾ ಹೋದಂತೆ ಮೋಟರ್ ನಿಧಾನ ಆಗಿದೆ. ನಿಧಾನ ಓಡಿದ ಟೇಪಿನಲ್ಲಿ ರೆಕಾರ್ಡ್ ಆದದ್ದನ್ನು ಸರಿ ವೇಗದಲ್ಲಿ ಹಾಕಿದರೆ ಸ್ವರ ಚೂಪಾಗಿ, ಬೇಗ ಬೇಗ ಓಡುತ್ತದೆ. ನಾನು ಐದಾರು ವರ್ಷ ಬಾಯಿಪಾಠ ಮಾಡಿದ ಆವೇಶ ಸೆಲ್ ಮುಗಿದದ್ದು.

ಸರಿ, ಎಷ್ಟು ಇಳಿಸಬೇಕು? ಸುಮ್ನೆ ಕಿವಿ ಅಂದಾಜಿಗೆ ಮಾಡಿದರೆ ನನ್ನ ಕಿವಿ ಹಳೆಯದನ್ನೇ ಸರಿ ಅನ್ನುತ್ತದೆ, ಅದಕ್ಕೆ ಅಭ್ಯಾಸ ಆಗಿಬಿಟ್ಟಿದೆ. ಕರೆಂಟಿನ 50 ಹರ್ಟ್ಜ್ ಗುಂಯ್ ಹಿಡಿದು ಅಳೆಯಿರಿ ಅಂತ ಒಬ್ಬರು ಹೇಳಿದರು. ನಮ್ಮದು ಸೆಲ್ಲಿನಲ್ಲಿ ಓಡಿದ ಮೆಶಿನ್, ಮೈಕಿನಿಂದ ಸ್ವಲ್ಪ ಗುಂಯ್ ಬಂದಿದೆ ನಿಜ, ಆದರೆ ಆಗಿನ ಕಾಲದ ಕರೆಂಟು 50ರಲ್ಲಿ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅದನ್ನು ನಂಬಿದ್ದರೆ ತಪ್ಪುತ್ತಿತ್ತು.

ಭಾಗವತರಿಗೆ ಫೋನ್ ಮಾಡಿದೆ. "ಆವತ್ತು ಶ್ರುತಿ ಯಾವುದು?" "ಮಂದಿರದ ಪೆಟ್ಟಿಗೆ, ಕಪ್ಪು ಎರಡು. ನಾನು ಯಾವತ್ತೂ ಕಪ್ಪು ಎರಡೇ." ಕಪ್ಪು ಎರಡು ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಪಟ್ಟಿಯ ಸ್ವರ. ಮಂದಿರದ ಹಾರ್ಮೋನಿಯಂ ಈಗಲೂ ಉಂಟು, ಭಜನೆಗೆ ಬಳಸುವುದಿಲ್ಲ, ಮೂಲೆಯಲ್ಲಿ ಬೈರಾಸು ಹೊದಿಸಿ ಇಟ್ಟಿದ್ದಾರೆ. ಮಂದಿರದ ಬೀಗದ ಕೀ ಪಡೆದು ಒಂದು ಸಂಜೆ ಹೋಗಿ ಕೂತೆ. ತಿದಿಯಲ್ಲಿ ಒಂದು ತೂತು, ಅದನ್ನು ಎಡಗೈ ಹೆಬ್ಬೆರಳಲ್ಲಿ ಮುಚ್ಚಿ, ಉಳಿದ ಬೆರಳಲ್ಲಿ ಗಾಳಿ ಹಾಕುತ್ತಾ, ಬಲಗೈಯಲ್ಲಿ ಕಪ್ಪು ಎರಡು ಒತ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಪುಸ್ತಕದ ಲೆಕ್ಕಕ್ಕೆ ಅದು 311 ಹರ್ಟ್ಜ್ ಇರಬೇಕು. ಪೆಟ್ಟಿಗೆಯಲ್ಲಿ ಬಂದದ್ದು 308ರ ಆಸುಪಾಸು. ಮನೆಗೆ ಬಂದು ಒಂದನೇ ಕ್ಯಾಸೆಟ್‌ನ ಶುರು ಅಳೆದೆ, ಸೆಲ್ ಹೊಸದಿದ್ದಾಗಿನದ್ದು. 308, 309. ಆ ಗಳಿಗೆಯಲ್ಲಿ ಮೇಜಿಗೆ ಒಂದು ಗುದ್ದು ಹಾಕಿದೆ, ಒಳಗಿಂದ ಅಮ್ಮ "ಎಂತ ಬಿದ್ದದ್ದು?" ಅಂತ ಕೇಳಿದರು.

ಹಾಗಾಗಿ ನನ್ನ ಪದ್ಧತಿ ಇಷ್ಟೇ: ಆವತ್ತಿನ ಶ್ರುತಿಪೆಟ್ಟಿಗೆಯನ್ನೇ ಅಳತೆಗೋಲು ಮಾಡಿಕೊಳ್ಳುವುದು. ಪದ್ಯ ಎತ್ತುವ ಮೊದಲು ಎರಡು ಮೂರು ಸೆಕೆಂಡು ಬರೀ ಶ್ರುತಿ ಕೇಳುವ ಜಾಗ ಬರುತ್ತದೆ. ಅಂಥ ಜಾಗ ಹುಡುಕಿ ಅಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ (ಯಾವ ಹರ್ಟ್ಜ್ ಎಷ್ಟು ಜೋರು ಅಂತ ತೋರಿಸುವ ಗ್ರಾಫ್) ಎಷ್ಟು ಹರ್ಟ್ಜ್ ಅಂತ ಬರೆದುಕೊಳ್ಳುವುದು. ಮೂಲ ಸ್ವರದ ಪೀಕ್ ನೋಡಬೇಡಿ, ಅದರ ಮೂರು ಪಟ್ಟಿನ ಪೀಕ್, ಅಂದರೆ 924ರ ಹತ್ತಿರ ಬರುವುದನ್ನು ನೋಡಿ ಮೂರರಿಂದ ಭಾಗಿಸಿ. ಅಳತೆಯ ತಪ್ಪು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಂಟು ಬದಿಯಲ್ಲಿ ಸುಮಾರು ನೂರ ಅರುವತ್ತು ಜಾಗ ಅಳೆದಿದ್ದೇನೆ. ಒಂದು ನೋಟ್ ಬುಕ್ ತುಂಬಿತು, ಹಿಂದಿನ ಪುಟಗಳಲ್ಲಿ ರಬ್ಬರ್ ಟ್ಯಾಪಿಂಗಿನ ಲೆಕ್ಕ ಇದ್ದ ಪುಸ್ತಕ.

ಗ್ರಾಫ್ ಹಾಕಿದಾಗ ಒಂದು ಚೆಂದದ ವಿಷಯ ಸಿಕ್ಕಿತು. ಶ್ರುತಿ ಒಂದೇ ಸಮನೆ ಏರಿಲ್ಲ, ಗರಗಸದ ಹಲ್ಲಿನ ಹಾಗೆ ಏರಿದೆ. ಪ್ರತಿ ಬದಿಯ ಕೊನೆಗೆ ಮೇಲೆ, ಮುಂದಿನ ಬದಿಯ ಶುರುವಿಗೆ ಸ್ವಲ್ಪ ಕೆಳಗೆ, ಮತ್ತೆ ಮೇಲೆ. ಕ್ಯಾಸೆಟ್ ಮಗುಚುವ ನಡುವೆ ಸೆಲ್‌ಗಳಿಗೆ ಎರಡು ನಿಮಿಷ ವಿಶ್ರಾಂತಿ ಸಿಕ್ಕಿದೆ, ಸ್ವಲ್ಪ ಜೀವ ಬಂದಿದೆ. ನಾವು ಸಣ್ಣವರಿರುವಾಗ ಟಾರ್ಚಿನ ಸೆಲ್ ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಿರಲಿಲ್ಲವಾ, ಅದೇ. ಮೂರನೇ ಕ್ಯಾಸೆಟ್ ಮತ್ತು ನಾಲ್ಕನೆಯದರ ನಡುವೆ ಜಾಸ್ತಿ ಕೆಳಗೆ ಇಳಿದಿದೆ. ಮಾವ ಅಲ್ಲಿ ಚಾ ಕುಡಿಯಲು ಹೋಗಿರಬೇಕು ಅಂತ ನನ್ನ ಲೆಕ್ಕ. ನಾಲ್ಕನೆಯದರ ಕೊನೆಗೆ 345 ಮುಟ್ಟಿದೆ. ಅಂದರೆ ಕಪ್ಪು ಎರಡು ಹೋಗಿ ಬಿಳಿ ನಾಲ್ಕರ ಬಾಗಿಲಿಗೆ ಬಂದಿದೆ.

ಇದನ್ನು ಸರಿ ಮಾಡಲು ಮೊದಲು ಎರಡೆರಡು ನಿಮಿಷದ ತುಂಡು ಮಾಡಿ ಪ್ರತಿ ತುಂಡಿನ ವೇಗ ಬೇರೆ ಬೇರೆ ಇಳಿಸಿದೆ. ಸೋತೆ. ತುಂಡು ಸೇರುವ ಕಡೆ ಶ್ರುತಿ ಮೆಟ್ಟಿಲು ಇಳಿದ ಹಾಗೆ ಟಕ್ ಅಂತ ಬದಲಾಗುತ್ತಿತ್ತು. ಹದಿನೈದು ದಿನದ ಕೆಲಸ ಡಿಲೀಟ್ ಮಾಡಿದೆ. ಮಂಗಳೂರಿನ ಒಬ್ಬ ಸ್ಟುಡಿಯೋದವರು ಪಿಚ್ ಮಾತ್ರ ಇಳಿಸುವ ಸಾಫ್ಟ್‌ವೇರ್ ಉಂಟು ಅಂದರು. ಅದರಲ್ಲಿ ಚೆಂಡೆಯ ಪೆಟ್ಟು ಒದ್ದೆ ಹಲಗೆಗೆ ಹೊಡೆದ ಹಾಗಾಗುತ್ತದೆ, ಅದೂ ಅಲ್ಲದೆ ವೇಗವೂ ತಪ್ಪಿರುವಾಗ ಪಿಚ್ ಮಾತ್ರ ಯಾಕೆ ಇಳಿಸುವುದು? ಕೊನೆಗೆ ಕೈ ಹಿಡಿದದ್ದು ಅಡಾಸಿಟಿಯಲ್ಲೇ ಇರುವ ಟೈಮ್ ಟ್ರ್ಯಾಕ್. ಗೆರೆಯ ಮೇಲೆ ಬಿಂದು ಇಡುತ್ತಾ ಹೋದರೆ ವೇಗ ಮೆಲ್ಲನೆ ಜಾರುತ್ತದೆ. ನನ್ನ ನೂರ ಅರುವತ್ತು ಅಳತೆ, ನೂರ ಅರುವತ್ತು ಬಿಂದು. 308 ಇದ್ದ ಕಡೆ ನೂರು, 345 ಇದ್ದ ಕಡೆ ಎಂಬತ್ತೊಂಬತ್ತು. ಆರು ಗಂಟೆ ಇದ್ದದ್ದು ಇಪ್ಪತ್ತು ನಿಮಿಷದಷ್ಟು ಉದ್ದ ಆಯಿತು. ಆವತ್ತು ರಾತ್ರಿ ಆಟ ಅಷ್ಟು ಹೊತ್ತು ನಡೆದದ್ದು.

ಯುದ್ಧದ ಪದ್ಯಗಳಲ್ಲಿ ಚೆಂಡೆಯ ಅಡಿಯಲ್ಲಿ ಶ್ರುತಿ ಪೂರ್ತಿ ಮುಚ್ಚಿಹೋಗುತ್ತದೆ. ಆ ಹನ್ನೊಂದು ನಿಮಿಷ ಹೇಗೆ ಅಳೆದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮದ್ದಳೆಯೂ ಶ್ರುತಿಗೇ ಕೂಡಿಸಿದ್ದು ಅನ್ನುವ ಸುಳಿವು ಸಾಕು ಕೆಲಸ ಗೊತ್ತಿದ್ದವರಿಗೆ. ಮೂರು ತಿಂಗಳು ಒದ್ದಾಡಿ ಕಂಡುಕೊಂಡದ್ದು, ನನ್ನ ಹತ್ತಿರವೇ ಇರಲಿ.

ಸೋತು ಬಿಟ್ಟುಬಿಟ್ಟ ಇನ್ನೊಂದು ಪ್ರಯತ್ನವೂ ಉಂಟು. ಆ ಟು-ಇನ್-ವನ್‌ಗಳು ಸದ್ದನ್ನು ತಾವೇ ಏರಿಸಿ ಇಳಿಸುತ್ತಿದ್ದವು. ಚೆಂಡೆಯ ಒಂದು ಪೆಟ್ಟು ಬಿದ್ದ ಕೂಡಲೇ ಭಾಗವತರು ಮುಳುಗುತ್ತಾರೆ, ಒಂದು ಸೆಕೆಂಡಲ್ಲಿ ಮೆಲ್ಲ ಮೇಲೆ ಬರುತ್ತಾರೆ, ಮತ್ತೆ ಪೆಟ್ಟು. ಇದನ್ನು ಕೈಯಲ್ಲಿ ಒಂದೊಂದಾಗಿ ಎತ್ತಿ ಸರಿ ಮಾಡಲು ನೋಡಿದೆ. ಏಳು ನಿಮಿಷಕ್ಕೆ ಒಂಬತ್ತು ರಾತ್ರಿ ಹೋಯಿತು. ಚೆನ್ನಾಗಿ ಬಂತು, ಆದರೆ ಉಳಿದ ಆರು ಗಂಟೆಗೆ ನನ್ನ ಆಯುಷ್ಯ ಸಾಲದು. ಆ ಏಳು ನಿಮಿಷ ಮಾತ್ರ ಬೇರೆ ಫೈಲ್ ಮಾಡಿ ಇಟ್ಟಿದ್ದೇನೆ, ಚೆಂಡೆ ಕಲಿಯುವ ಹುಡುಗರಿಗೆ ಕೊಟ್ಟಿದ್ದೇನೆ.

ಕೆಲಸ ಮುಗಿದ ರಾತ್ರಿ ನಾಲ್ಕನೇ ಕ್ಯಾಸೆಟ್‌ನ ಎರಡನೇ ಬದಿ ಹಾಕಿ ಜಗಲಿಯಲ್ಲಿ ಕೂತೆ.

ವಾಲಿ ಬಿದ್ದಿದ್ದಾನೆ. ಚೆಂಡೆ ನಿಂತಿದೆ. ಚೆಂಡೆ ನಿಂತ ಕಾರಣ ಮೆಶಿನ್ ತಾನೇ ಸದ್ದು ಎತ್ತಿದೆ, ಹಾಗಾಗಿ ಸಭೆಯ ಉಸಿರೂ ಕೇಳುತ್ತದೆ. ಎಲ್ಲೋ ಒಂದು ಮಗು ಅಳುತ್ತದೆ, ಯಾರೋ ಚಾಪೆ ಮಡಚುತ್ತಾರೆ, ದೂರದಲ್ಲಿ ಕೋಳಿ ಕೂಗುತ್ತದೆ. ಆ ಕೋಳಿಯ ಕೂಗು ಕೂಡಾ ಮೊದಲು ಪೀಪಿಯ ಹಾಗೆ ಇತ್ತು, ಈಗ ಕೋಳಿಯದ್ದೇ. ಆಮೇಲೆ ವಾಲಿ ಮಾತು ತೆಗೆಯುತ್ತಾನೆ. ಸಪೂರದವನಲ್ಲ. ದೊಡ್ಡ ಎದೆಯ, ಭಾರದ ಸ್ವರ. ಒಂದೊಂದು ಮಾತಿನ ನಡುವೆ ಜಾಗ ಬಿಡುತ್ತಾನೆ. ಮರದ ಮರೆಯಲ್ಲಿ ಯಾಕೆ ನಿಂತೆ ಅಂತ ರಾಮನನ್ನು ಕೇಳುವಾಗ ಸಿಟ್ಟು ಇಲ್ಲ, ಮನೆಗೆ ಬಂದ ನೆಂಟನನ್ನು ಊಟ ಆಯಿತಾ ಅಂತ ಕೇಳುವ ಧಾಟಿ. ಕೇಳಿ ಸುಮ್ಮನಾಗುತ್ತಾನೆ. ರಾಮನ ಪಾತ್ರದವರು ತಕ್ಷಣ ಉತ್ತರ ಕೊಡುವುದಿಲ್ಲ. ಆ ಮೌನ ಹಳೆಯ ವೇಗದಲ್ಲಿ ನಾಲ್ಕು ಸೆಕೆಂಡು ಇತ್ತು, ಅಂಥದ್ದೇನೂ ಅನಿಸುತ್ತಿರಲಿಲ್ಲ. ಈಗ ನಾಲ್ಕೂವರೆ. ಅರ್ಧ ಸೆಕೆಂಡಿಗೆ ಅಷ್ಟು ತೂಕ ಉಂಟು ಅಂತ ನನಗೆ ಗೊತ್ತಿರಲಿಲ್ಲ.

ಸಣ್ಣವನಿದ್ದಾಗ ಅರ್ಥ, ಅಂದರೆ ಪದ್ಯದ ಮೇಲೆ ವೇಷದವರು ಆಡುವ ಮಾತು, ಶುರುವಾದರೆ ಫಾರ್ವರ್ಡ್ ಒತ್ತಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಈಗ ಪದ್ಯ ಮುಗಿಯುವುದನ್ನೇ ಕಾಯುತ್ತೇನೆ. ಸುಗ್ರೀವ ಎರಡನೇ ಸಲ ಕರೆದಾಗ ತಾರೆ ವಾಲಿಯನ್ನು ತಡೆಯುವ ಭಾಗ ಉಂಟಲ್ಲ, ತಾರೆ ಮಾಡಿದವರು ಊರಿನ ಪೋಸ್ಟ್‌ಮ್ಯಾನ್, ಶಾಲೆಗೆ ಹೋದದ್ದು ನಾಲ್ಕೋ ಐದೋ ಕ್ಲಾಸು. ಎಂಥಾ ಮಾತು ಅವರದು! ಗಂಡನಿಗೆ ಬುದ್ಧಿ ಹೇಳುವುದಿಲ್ಲ, ಅವನೇ ಹಿಂದೆ ಹೇಳಿದ ಮಾತನ್ನು ಒಂದೊಂದಾಗಿ ತೆಗೆದು ಎದುರಿಗೆ ಇಡುತ್ತಾರೆ. ಆ ಅರ್ಧ ಗಂಟೆ ನಾನು ಮೊದಲು ಪೂರ್ತಿ ಕೇಳಿಯೇ ಇರಲಿಲ್ಲ. ಮಕ್ಕಳಿಗೆ ಬೇಕಾದ್ದು ಶೂರ್ಪನಖಿ, ಯುದ್ಧ, ಹಾಸ್ಯ. ಅದು ಸರಿಯೇ.

ವಾಲಿ ಮಾಡಿದವರು ನಮ್ಮ ಪ್ರೈಮರಿ ಶಾಲೆಯ ಮಾಸ್ಟ್ರು. ತೀರಿಕೊಂಡು ಇಪ್ಪತ್ತು ವರ್ಷ ಆಯಿತು. ಅವರ ಮಗಳು ಮುಳ್ಳೇರಿಯದಲ್ಲಿ ಇದ್ದಾರೆ. ಫೈಲ್ ಕಳಿಸಲಿಲ್ಲ, ಸ್ಪೀಕರ್ ತೆಗೆದುಕೊಂಡು ನಾನೇ ಹೋದೆ. ಮೊದಲು ಹಳೆಯದು ಹಾಕಿದೆ, ಆಮೇಲೆ ಸರಿ ಮಾಡಿದ್ದು. ಹಳೆಯದಕ್ಕೆ ಸುಮ್ನೆ ನಕ್ಕರು. ಎರಡನೆಯದು ಶುರುವಾದ ಮೇಲೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಏಳಲಿಲ್ಲ. ಮತ್ತೆ ಕೂಗಿತು. "ಅಪ್ಪ ಹೀಗೆಯೇ ನಮ್ಮನ್ನು ಬಯ್ಯುತ್ತಿದ್ದದ್ದು. ಕೇಳಿ, ಸುಮ್ಮನೆ ನಿಲ್ಲುವುದು" ಅಂದರು.

ಭಾಗವತರಿಗೆ ಈಗ ಎಂಬತ್ತೆರಡೋ ಮೂರೋ. ಅವರಿಗೆ ಒಂದನೇ ಕ್ಯಾಸೆಟ್‌ನಿಂದ ಶುರು ಮಾಡದೆ ನೇರ ನಾಲ್ಕನೆಯದನ್ನೇ ಹಾಕಿದೆ. ಕುರ್ಚಿಯ ಕೈ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಕೇಳಿದರು, ಎಲ್ಲಿಯೂ ಬೆರಳು ನಿಲ್ಲಲಿಲ್ಲ. ನಾನು ಕಾಯುತ್ತಿದ್ದದ್ದು ಆ ಬೆರಳನ್ನೇ. ಮುಗಿದ ಮೇಲೆ ಕೇಳಿದರು, "ಮೂರನೆಯ ಪದ್ಯಕ್ಕೆ ನಾನು ಎತ್ತುವುದು ತಡ ಆಗಿದೆ, ಗೊತ್ತಾಯಿತಾ? ಅದನ್ನು ತೆಗೆದಿಲ್ಲ ಅಲ್ಲ ನೀನು?"

"ಇಲ್ಲ, ಹಾಗೇ ಉಂಟು."

"ಇರಲಿ. ಪಂಚವಟಿ ಹಾಕು."

ಸುದ್ದಿ ಹರಡಿ ಈಗ ಪೆರ್ಲದಿಂದ ಒಬ್ಬರು ಫೋನ್ ಮಾಡಿದ್ದಾರೆ, ಅವರ ಅಜ್ಜನ ಮನೆಯಲ್ಲಿ ಹದಿನಾಲ್ಕು ಕ್ಯಾಸೆಟ್ ಉಂಟಂತೆ, ತಾಳಮದ್ದಳೆಯದ್ದು (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಎಲ್ಲದಕ್ಕೂ ಬೂಸ್ಟು. ಮಳೆ ಬಿಟ್ಟ ಮೇಲೆ ಬನ್ನಿ, ಅಲ್ಲಿಯವರೆಗೆ ಹಾಕಿ ನೋಡಬೇಡಿ, ಬಿಗಿ ಡಬ್ಬಿಯಲ್ಲಿ ಇಡಿ, ಆವತ್ತಿನ ಶ್ರುತಿಪೆಟ್ಟಿಗೆ ಯಾರ ಮನೆಯಲ್ಲಿ ಉಂಟು ಅಂತ ಈಗಲೇ ಹುಡುಕಿ ಇಡಿ ಅಂದಿದ್ದೇನೆ. ನಮ್ಮ ಆಟದ ಆ ನಾಲ್ಕು ನಿಮಿಷ, ಶೂರ್ಪನಖಿಯದ್ದು, ಮಾವ ಯಾರಿಗೋ ಕಾಪಿ ಮಾಡಿ ಕೊಟ್ಟಿದ್ದರಂತೆ. ಅಡೂರು ಕಡೆಯವರು ಅಂತ ಮಾತ್ರ ಅವರಿಗೆ ನೆನಪು. ಮುಂದಿನ ವಾರ ಅಲ್ಲಿಗೆ ಹೋಗುತ್ತೇನೆ.